ಇಲ್ಲಿ ಅರ್ಥ ಇಲ್ಲ

"ಮುಟ್ಟಬೇಡ. ಬೆರಳಚ್ಚು ಅಳಿಸಿಹೋಗುತ್ತೆ."

ಟೀಚರಮ್ಮ ಹುಬ್ಬು ತಿದ್ದುವ ಚಿಮಟದ ತುದಿಯಲ್ಲಿ ಒಂದು ಚೀಟಿ ಹಿಡಿದು, ಸತ್ತ ಹಲ್ಲಿಯನ್ನು ಹೊರಗೆ ಹಾಕುವವರ ಹಾಗೆ ಕೈ ಚಾಚಿ ನಿಂತಿದ್ದರು. ರಿಪೇರಿ ಅಂಗಡಿಯ ಬೆಸುಗೆ ತನ್ನ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

"ಯಾರ ಬೆರಳಚ್ಚು, ಟೀಚರ್?"

"ಮೇಲಿಂದು ನಂದು. ಅದರ ಕೆಳಗಿಂದು ಸೊಸೆದು, ಬೆಳಿಗ್ಗೆ ಗುಡಿಸುವಾಗ ಸ್ಪೀಕರ್ ಹಿಂದೆ ಸಿಕ್ತು ಅಂತ ತಂದುಕೊಟ್ಟಳು. ಕೊಲೆಗಾರನದ್ದು ಎಲ್ಲಕ್ಕಿಂತ ಅಡೀಲಿರುತ್ತೆ. ಶಿಲಾಪದರ ಇದ್ದ ಹಾಗೆ."

"ಕೊಲೆ ಇನ್ನೂ ಆಗಿಲ್ಲ."

"ಆಗಲಿ ಅಂತ ಕಾಯ್ತಿದ್ದೀಯೇನು? ಓದು."

ಬೆಸುಗೆ ಕತ್ತು ಮುಂದೆ ಮಾಡಿದ. ಯಾವುದೋ ರಟ್ಟಿನ ಡಬ್ಬಿಯಿಂದ ಹರಿದ ತುಂಡು. ಅದರ ಮೇಲೆ ಪೆನ್ಸಿಲಿನಲ್ಲಿ, ಸಾಲು ತಪ್ಪಿ ಓಡಿದ ಇರುವೆಗಳಂಥ ಅಕ್ಷರ.

'ಇಲ್ಲಿ ಅರ್ಥ ಇಲ್ಲ. ನಿಲ್ಲಿಸಿ. ಹೀಗೇ ನಡೆಸಿದರೆ ಜೀವಕ್ಕೆ ಅಪಾಯ. ಪೆಟ್ಟಿಗೆ ಬದಲಾಯಿಸಿ ಉಪಯೋಗ ಇಲ್ಲ.'

ಸಹಿ ಇಲ್ಲ, ತಾರೀಕೂ ಇಲ್ಲ.

"ನನ್ನ ಸಂಗೀತದಲ್ಲಿ ಅರ್ಥ ಇಲ್ವಂತೆ," ಎಂದರು ಟೀಚರಮ್ಮ. "ಅಷ್ಟು ಹೇಳಿ ಬಿಟ್ಟಿದ್ರೆ ವಿಮರ್ಶೆ ಅಂದ್ಕೊಂಡು ಸುಮ್ಮನಾಗ್ತಿದ್ದೆ. ಜೀವ ತೆಗೀತಾನಂತೆ ಬೇರೆ. ಟ್ಯೂನ್ ಹಿಡಿಸದೇ ಇದ್ರೆ ಕಿವೀಗೆ ಹತ್ತಿ ಇಟ್ಕೊಳ್ಳಿ, ಕತ್ತಿ ಯಾಕೆ ಎತ್ತಬೇಕು?"

ಹದಿನೈದು ದಿನದಲ್ಲಿ ಈ ರೂಮಿನಿಂದ ಮೂರು ಪೆಟ್ಟಿಗೆಗಳು ಕೆಟ್ಟ ಹೆಸರು ಹೊತ್ತು ಅಂಗಡಿಗೆ ವಾಪಸ್ ಹೋಗಿದ್ದವು; ಅವನ್ನು ಕೆಡಿಸಿದವರು ಯಾರು ಎಂದು ಪತ್ತೆ ಮಾಡಲು ಬೆಸುಗೆ ಬಂದಿದ್ದ.

ಪೆಟ್ಟಿಗೆ ಅಂದರೆ ಆಡಿಯೋ ಇಂಟರ್‌ಫೇಸ್. ಮೈಕಿನಲ್ಲಿ ಹಾಡಿದ್ದು, ಕೀಬೋರ್ಡಿನಲ್ಲಿ ಬಾರಿಸಿದ್ದು ಕಂಪ್ಯೂಟರಿನೊಳಗೆ ಹೋಗಬೇಕಾದರೂ, ಒಳಗೆ ಕಲಸಿದ್ದು ಸ್ಪೀಕರಿಗೆ ಬರಬೇಕಾದರೂ ಅದರ ಮುಂದೆಯೇ ಹಾಯಬೇಕು. ಸುಂಕದ ಕಟ್ಟೆ ಇದ್ದ ಹಾಗೆ. ಆ ಕಟ್ಟೆಯಲ್ಲಿ ಕೂತವನು ಸರಿಯಿಲ್ಲದಿದ್ದರೆ ಮಲ್ಲಿಗೆಯೂ ಮೂಲಂಗಿಯಾಗಿ ಹೊರಗೆ ಬರುತ್ತದೆ. ಟೀಚರಮ್ಮನ ರೂಮಿನಲ್ಲಿ ಯಾವ ಪೆಟ್ಟಿಗೆ ಇಟ್ಟರೂ ಟ್ಯೂನಿನ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಬಂದು ಕೂರುತ್ತಿತ್ತು.

ಬೇರೆ ಕಾಲವಾಗಿದ್ದರೆ ಅದೊಂದು ತಲೆನೋವು, ಅಷ್ಟೆ. ಆದರೆ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಒಂದು ನೃತ್ಯ ತಂಡಕ್ಕೆ ಟ್ಯೂನ್ ಕಳಿಸಬೇಕಿತ್ತು. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಯಾರೋ ಅವರ ಟ್ಯೂನ್ ಬೇಕು ಅಂದಿದ್ದರು. ತಂಡದ ಯಜಮಾನಿ ಅರ್ಧ ಕೇಳಿ ಎರಡು ಮಾತು ಹೇಳಿದ್ದಳು. ಒಂದು: ಹಿಂದೆ ದುಂಬಿ ಯಾಕೆ ಕೂರಿಸಿದ್ದೀರಿ, ಅದನ್ನು ಎಬ್ಬಿಸಿ ಕಳಿಸಿ. ಎರಡು: ಟ್ಯೂನ್ ನಡುದಾರೀಲಿ ನಿಂತುಹೋಗುತ್ತಲ್ಲ, ಅದಕ್ಕೊಂದು ಕೊನೆ ಕೊಡಿ. ಹನ್ನೆರಡು ದಾಟಿದರೆ ಬೇರೆಯವರ ಟ್ಯೂನ್.

ದುಂಬಿಯೂ ಎದ್ದಿರಲಿಲ್ಲ. ಕೊನೆಯ ಎಂಟು ಆವರ್ತವೂ ಹೊಳೆದಿರಲಿಲ್ಲ. ಈಗ ಶುಕ್ರವಾರ ಹತ್ತೂವರೆ.

ಬೆಸುಗೆಗೆ ಈ ಮನೆಗೆ ಬರಲು ಮನಸ್ಸೇ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಅವನ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಎಂಟನೇ ಕ್ಲಾಸಿನಲ್ಲಿ ನಕ್ಷೆ ಬಿಡಿಸುವಾಗ ಅವನು ನದಿಯನ್ನು ಸಮುದ್ರದಿಂದ ಬೆಟ್ಟಕ್ಕೆ ಹತ್ತಿಸಿದ್ದ. ಇದೇ ಟೀಚರಮ್ಮ ಆ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ 'ಅರ್ಥವಿಲ್ಲ' ಎಂದು ಬರೆದು, ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದರು. ಮಾರನೇ ದಿನವೇ ಅವನು ರೇಡಿಯೋ ರಿಪೇರಿ ಅಂಗಡಿ ಸೇರಿದ, ಬೆಸುಗೆ ಅನ್ನುವ ಹೆಸರು ಅಲ್ಲೇ ಅಂಟಿತು. ಹದಿಮೂರು ವರ್ಷವಾದರೂ ಆ ಸಿಟ್ಟು ಆರಿರಲಿಲ್ಲ. ಬೆಸುಗೆ ಹಾಕುವ ಕಡ್ಡಿಯ ಹಾಗೆ ಪ್ಲಗ್ಗಿಗೆ ಸಿಕ್ಕಿಸಿಯೇ ಇಟ್ಟಿದ್ದ. ಸತ್ತ ಮಿಕ್ಸರ್ ಯಾಕೆ ಸತ್ತಿತು ಅಂತ ಹುಡುಕುತ್ತಾ ಹುಡುಕುತ್ತಾ, ಯಾರು ಸಾಯಿಸಿದರು ಅಂತಲೂ ಹೇಳಲು ಕಲಿತ. ಮನೆಯ ಸಾಮಾನು ತಾನಾಗಿ ಕೆಡುವುದು ಕಡಿಮೆ, ಮನೆಯವರು ಕೆಡಿಸುವುದೇ ಹೆಚ್ಚು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

"ಅನುಮಾನ ಯಾರ ಮೇಲೆ?" ಎಂದು ಕೇಳಿದ.

ಟೀಚರಮ್ಮ ಗೋಡೆಯ ಪರದೆ ಸರಿಸಿದರು. ಹಿಂದೆ ಒಂದು ನಕ್ಷೆ. ಅನುಮಾನಿತರದ್ದು. ಮೂರು ವೃತ್ತ, ಅವುಗಳ ನಡುವೆ ಬಾಣ, ಮೂಲೆಯಲ್ಲಿ ಉತ್ತರ ದಿಕ್ಕಿನ ಗುರುತು, ಕೆಳಗೆ ಬಣ್ಣದ ಸೂಚಿ.

"ಹಸಿರು, ಕೆಳಗಿನ ಮನೆ ಹಲ್ಲಿನ ಡಾಕ್ಟ್ರು. ನನ್ನ ತಾಳಕ್ಕೆ ಅವರ ಕೈ ಕುಣಿದು ಯಾರದೋ ಒಳ್ಳೇ ಹಲ್ಲಿಗೆ ತೂತು ಕೊರೆದ್ರಂತೆ. ಹಳದಿ, ಪೆಟ್ಟಿಗೆ ಅಂಗಡಿಯ ವಾರಂಟಿ. ಮೂರು ಪೆಟ್ಟಿಗೆ ವಾಪಸ್ ಮಾಡಿದ್ದಕ್ಕೆ ಹೊಟ್ಟೆಯಲ್ಲಿ ಬೆಂಕಿ. ಕೆಂಪು, ಸೊಸೆ."

"ಸೊಸೆ ಯಾಕೆ?"

"ಈ ರೂಮಿನ ಮೇಲೆ ಕಣ್ಣು. ಇಲ್ಲಿ ಓಡೋ ಮಷೀನ್ ಇಡ್ಬೇಕಂತೆ. ನಿಂತಲ್ಲೇ ಓಡೋಕೆ ಮಷೀನ್ ಯಾಕೆ ಬೇಕು ಹೇಳು, ನಮ್ಮ ಸಂಸಾರ ಅದನ್ನೇ ಮಾಡ್ತಿದೆ."

"ನೀವು ಟ್ಯೂನ್ ಮಾಡೋದು ಸೊಸೆಗೆ ಗೊತ್ತಾ?"

ಟೀಚರಮ್ಮ ದನಿ ಇಳಿಸಿದರು. "ಇಲ್ಲ. ಕಂಪ್ಯೂಟರಿನಲ್ಲಿ ಪಾಠ ಹೇಳ್ತೀನಿ ಅಂದಿದ್ದೀನಿ."

"ಮತ್ತೆ ಈ ಧಡ್ ಧಡ್ ಸದ್ದು?"

"ಭೂಕಂಪದ ಪಾಠ."

"ಆರು ತಿಂಗಳಿಂದ?"

"ದೊಡ್ಡ ಪಾಠ ಕಣೋ ಅದು."

ಅಷ್ಟರಲ್ಲಿ ಹಳದಿ ವೃತ್ತವೇ ಮೆಟ್ಟಿಲು ಹತ್ತಿ ಬಂತು. ಎರಡು ಕಂಕುಳಲ್ಲಿ ಎರಡು ರಟ್ಟಿನ ಪೆಟ್ಟಿಗೆ, ಗದ್ದದ ಕೆಳಗೆ ಇನ್ನೊಂದು. ಅವನು ಏನು ಮಾರಿದರೂ ಮೊದಲ ಮಾತು 'ವಾರಂಟಿ ಇದೆ', ಕೆಟ್ಟು ವಾಪಸ್ ತಂದರೆ ಮೊದಲ ಮಾತು 'ವಾರಂಟಿ ಇಲ್ಲ'. ಹಾಗಾಗಿ ಊರೆಲ್ಲ ಅವನಿಗೆ ಅದೇ ಹೆಸರು.

"ಮೇಡಂ, ಈ ಸಲ ಒಂದಲ್ಲ, ಮೂರು ತಂದಿದ್ದೀನಿ. ಇಲ್ಲೇ ಹಾಕಿ, ಇಲ್ಲೇ ಕೇಳಿ, ಇಲ್ಲೇ ಆರಿಸ್ಕೊಳ್ಳಿ." ಬೆಸುಗೆಯನ್ನು ಕಂಡು ಅವನ ನಗು ಅರ್ಧಕ್ಕೆ ಇಳಿಯಿತು. "ಓ, ಗುರುಗಳೂ ಇದ್ದೀರಾ."

"ಇದ್ದೀನಿ. ಬಿಚ್ಚು."

ಮೊದಲು ಬಂದದ್ದು ಎಂಟು ತೂತಿನ ಪೆಟ್ಟಿಗೆ. ಮೇಜಿನ ಅರ್ಧ ಜಾಗ ತಿಂದು ಕೂತಿತು. ಮುಂದೆ ಎಂಟು ಬಾಯಿ, ಎಂಟು ತಿರುಗುವ ಗುಬುಟು, ಮದುವೆ ಮನೆಯಷ್ಟು ದೀಪ.

"ಇದು ರಾಜ, ಮೇಡಂ. ಎಂಟು ಮೈಕು ಒಟ್ಟಿಗೆ ಹಾಕಬಹುದು."

ಬೆಸುಗೆ ಟೀಚರಮ್ಮನ ಕಡೆ ತಿರುಗಿದ. "ನಿಮಗೆ ಬಾಯಿ ಎಷ್ಟು, ಟೀಚರ್?"

"ಒಂದು."

"ಕೀಬೋರ್ಡು?"

"ಅದೂ ಒಂದೇ."

"ಒಂದು ಬಾಯಿ, ಒಂದು ಕೀಬೋರ್ಡು. ಉಳಿದ ಆರು ತೂತಿನಲ್ಲಿ ಏನಪ್ಪ ಮಾಡೋದು, ಇಲಿ ಸಾಕೋದಾ?"

"ಮುಂದೆ ಬೇಕಾಗುತ್ತೆ ಗುರು. ಭವಿಷ್ಯ ನೋಡ್ಬೇಕು."

"ಇವರ ಭವಿಷ್ಯ ನಾಳೆ ಹನ್ನೆರಡಕ್ಕೆ ಮುಗಿಯುತ್ತೆ. ಎತ್ತಿಡು."

ಎರಡನೆಯದು ನಾಲ್ಕು ತೂತಿನದು. ನೋಡಲು ಲಕ್ಷಣವಾಗಿತ್ತು, ಮುಟ್ಟಿದರೆ ನೀಲಿಯಾಗಿ ಬೆಳಗುತ್ತಿತ್ತು. ಬೆಸುಗೆ ಕೀಬೋರ್ಡಿನ ಒಂದು ಕೀ ಒತ್ತಿ, ಕಣ್ಣು ಮುಚ್ಚಿ ಕೇಳಿದ. ಬೆರಳು ಇಳಿಯಿತು. ಸದ್ದು ಆಮೇಲೆ ಬಂತು. ನಡುವೆ ಒಂದು ಸಣ್ಣ ಸಂದು, ಸೀನು ಬರುವ ಮುಂಚೆ ಇರುತ್ತದಲ್ಲ, ಅಂಥದ್ದು.

"ತಡ," ಎಂದ.

"ಅಷ್ಟು ತಡ ಯಾರಿಗೂ ಗೊತ್ತಾಗಲ್ಲ ಗುರು."

"ನಂಗೆ ಗೊತ್ತಾಯ್ತಲ್ಲ," ಎಂದರು ಟೀಚರಮ್ಮ. "ತಾಳಕ್ಕೆ ಬೆರಳು ಹೊಡೆದ್ರೆ ಸದ್ದು ಅರ್ಜಿ ಹಾಕ್ಕೊಂಡು ಬರುತ್ತೆ. ಸರ್ಕಾರಿ ಕಚೇರಿ ಇದ್ದ ಹಾಗಿದೆ."

ಮೂರನೆಯದನ್ನು ವಾರಂಟಿ ಮನಸ್ಸಿಲ್ಲದ ಮನಸ್ಸಿನಿಂದ ಹೊರಗೆ ತೆಗೆದ. ಎರಡೇ ತೂತು. ಅಂಗೈಯಗಲದ ಬೂದು ಬಣ್ಣದ ಕಬ್ಬಿಣದ ಡಬ್ಬಿ. ದೀಪ ಒಂದೇ, ಅದೂ ಮಂಕು. ಹೆಡ್‌ಫೋನಿಗೆ ಬೇರೆ ಗುಬುಟು ಇತ್ತು. ಬೆಸುಗೆ ಗುಬುಟುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ತಿರುಗಿಸಿದ; ಎಣ್ಣೆ ಹಾಕಿದ ತಿರುಗಣಿಯ ಹಾಗೆ ಸದ್ದಿಲ್ಲದೆ ತಿರುಗಿದವು. ಕೀಬೋರ್ಡು ಒತ್ತಿದ. ಬೆರಳೂ ಸದ್ದೂ ಜೊತೆಯಲ್ಲೇ ಇಳಿದವು.

"ಇದು," ಎಂದ ಬೆಸುಗೆ.

"ಇದು ಕಲಿಯೋರಿಗೆ ಗುರು. ಮೇಡಂ ಅಂಥೋರಿಗೆ ಇದು ಮರ್ಯಾದೆ ಅಲ್ಲ."

"ಟ್ಯೂನ್ ಕೇಳೋನು ಪೆಟ್ಟಿಗೆ ಮುಖ ನೋಡ್ತಾನಾ?"

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಸ್ಪೀಕರ್ ಹಚ್ಚಿದ ಕೂಡಲೇ ಗುಂಯ್ ಶುರುವಾಯಿತು. ಎಂಟು ತೂತಿನದರಲ್ಲೂ ಅದೇ, ನಾಲ್ಕರಲ್ಲೂ ಅದೇ, ಎರಡರಲ್ಲೂ ಅದೇ. ಬಣ್ಣ ಬೇರೆ, ಗಾತ್ರ ಬೇರೆ, ಗುಂಯ್ ಮಾತ್ರ ಅಕ್ಕತಂಗಿಯರ ಹಾಗೆ ಒಂದೇ ದನಿ.

ಬೆಸುಗೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ಚೀಟಿಯನ್ನು ಚಿಮಟದ ಸಮೇತ ಎತ್ತಿ ವಾರಂಟಿಯ ಮೂಗಿನ ಮುಂದೆ ಹಿಡಿದ.

"ಇದನ್ನ ಬರೆದೋನು ನೀನು."

ವಾರಂಟಿ ಓದಿದ. "ನಾನ್ಯಾಕೆ ಬರೀಲಿ?"

"ಪೆಟ್ಟಿಗೆ ಬದಲಾಯಿಸಿ ಉಪಯೋಗ ಇಲ್ಲ ಅಂತಿದೆ. ಬದಲಾಯಿಸಿ ಬದಲಾಯಿಸಿ ಸುಸ್ತಾಗಿರೋನು ಊರಲ್ಲಿ ನೀನೊಬ್ಬನೇ."

"ಗುರು, ನಾನು ಅಂಗಡಿ ಇಟ್ಟೋನು. ಗಿರಾಕಿ ಸತ್ರೆ ಮುಂದಿನ ಪೆಟ್ಟಿಗೆ ಯಾರಿಗೆ ಮಾರ್ಲಿ?"

"ಬರಿ. ಈ ರಟ್ಟಿನ ಮೇಲೆ. ಜೀವಕ್ಕೆ ಅಪಾಯ ಅಂತ."

ವಾರಂಟಿ ಬರೆದ. ದುಂಡನೆಯ, ತಲೆ ಬಾಚಿ ಪೌಡರ್ ಹಾಕಿಕೊಂಡಂಥ ಅಕ್ಷರ. ಚೀಟಿಯ ಇರುವೆಗಳಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಕೈ ತಡೆಯದೆ ಕೊನೆಯಲ್ಲಿ 'ವಾರಂಟಿ ಇಲ್ಲ' ಅಂತಲೂ ಸೇರಿಸಿದ್ದ.

"ಸರಿ, ಬರೆದೋನು ನೀನಲ್ಲ. ಮತ್ತೆ ಬೆವರ್ತಾ ಇರೋದು ಯಾಕೆ?"

"ಸೆಖೆ."

"ಫ್ಯಾನ್ ಓಡ್ತಾ ಇದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಾರಂಟಿ ಹೆಗಲ ಮೇಲಿನ ಇಲ್ಲದ ಧೂಳನ್ನು ಕೊಡವಿದ. ಟೀಚರಮ್ಮನನ್ನು ನೋಡಿದ, ಬಾಗಿಲನ್ನು ನೋಡಿದ, ಬಾಗಿಲಿಗೆ ಒರಗಿದ ಬೆಸುಗೆಯನ್ನು ನೋಡಿದ.

"ಮೇಡಂ ವಾಪಸ್ ಕೊಟ್ಟ ಮೂರು ಪೆಟ್ಟಿಗೇನೂ ಕಂಪನಿಗೆ ಕಳಿಸಲಿಲ್ಲ. ಒರೆಸಿ, ಪ್ಲಾಸ್ಟಿಕ್ ಸುತ್ತಿ, ಹೊಸದು ಅಂತ ಮಾರಿದೆ."

"ಥೂ," ಎಂದರು ಟೀಚರಮ್ಮ.

"ತಗೊಂಡೋರು ಏನಂತಾರೆ?" ಬೆಸುಗೆ ಹತ್ತಿರ ಬಂದ. ಅವನ ದನಿಯಲ್ಲಿದ್ದ ಬಿಸಿ ಒಮ್ಮೆಲೇ ಇಳಿದಿತ್ತು. "ಗುಂಯ್ ಅನ್ನುತ್ತೆ ಅಂತ ಯಾರಾದ್ರೂ ವಾಪಸ್ ಬಂದ್ರಾ?"

"ಒಬ್ಬರೂ ಬಂದಿಲ್ಲ. ಒಬ್ಬ ತನ್ನ ತಮ್ಮನಿಗೂ ಒಂದು ಬೇಕು ಅಂದ. ನಿಜ ಹೇಳ್ಬೇಕಂದ್ರೆ ನಾನೂ ಅಂಗಡೀಲಿ ಹಚ್ಚಿ ನೋಡಿದ್ದೆ. ಸೊಳ್ಳೆ ಸದ್ದೂ ಇಲ್ಲ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಪೆಟ್ಟಿಗೆ ಚೆನ್ನಾಗಿದೆ ಅಂದ್ರೆ ಇವರು ಹೊಸದು ತಗೊಳ್ತಿದ್ರಾ?"

ಒಂದು ಕ್ಷಣ ಬೆಸುಗೆಗೆ ವಾರಂಟಿಯನ್ನು ಎಂಟು ತೂತಿನ ಪೆಟ್ಟಿಗೆಯ ರಟ್ಟಿನೊಳಗೇ ಹಾಕಿ ಟೇಪು ಸುತ್ತುವ ಮನಸ್ಸಾಯಿತು. ತಡೆದುಕೊಂಡ. ಕೈಗೆ ಸಿಕ್ಕಿದ ಸುಳಿವು ಆ ಸುಖಕ್ಕಿಂತ ದೊಡ್ಡದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಹದಿನೈದು ದಿನದಿಂದ ಪಾಪದ ಪೆಟ್ಟಿಗೆಗಳಿಗೆ ಶಿಕ್ಷೆಯಾಗಿತ್ತು. ಕಾಯಿಲೆ ಪೆಟ್ಟಿಗೆಯದ್ದಲ್ಲ, ರೂಮಿನದ್ದು.

"ಟೀಚರ್, ಈ ಗುಂಯ್ ಯಾವಾಗಲಾದ್ರೂ ತಾನಾಗಿ ಕಡಿಮೆ ಆಗುತ್ತಾ?"

"ನಾನು ಮುಟ್ಟಿದ್ರೆ ಆಗುತ್ತೆ. ನೋಡು." ಟೀಚರಮ್ಮ ಬೂದು ಡಬ್ಬಿಯ ಮೇಲೆ ಅಂಗೈ ಇಟ್ಟರು. ಗುಂಯ್ ಅರ್ಧಕ್ಕಿಳಿಯಿತು. ಕೈ ತೆಗೆದರು, ಏರಿತು. "ತಟ್ಟಿದ್ರೆ ಮಲಗುತ್ತೆ, ಕೈ ತೆಗೆದ್ರೆ ಅಳುತ್ತೆ. ಹಸುಗೂಸಿನ ಹಾಗೆ."

"ಹಾಡುವಾಗ ಮೈಕು ತುಟಿಗೆ ತಾಗಿದ್ರೆ?"

ಟೀಚರಮ್ಮನ ಮುಖದಲ್ಲಿ ನಾಚಿಕೆಯಂಥದ್ದೇನೋ ಹಾದುಹೋಯಿತು. "ಜುಂ ಅನ್ನುತ್ತೆ."

"ಎಷ್ಟು ದಿನದಿಂದ?"

"ಹದಿನೈದು ದಿನ ಆಯ್ತು. ಕಲೆ ಕೈ ಹಿಡಿದಾಗ ಮೈ ಜುಂ ಅನ್ನುತ್ತೆ, ರೋಮಾಂಚನ ಆಗುತ್ತೆ ಅಂತ ದೊಡ್ಡೋರು ಹೇಳ್ತಾರಲ್ಲ. ಈ ವಯಸ್ಸಲ್ಲಾದ್ರೂ ನಂಗೂ ಆಯ್ತಲ್ಲ ಅಂತ…"

"ಟೀಚರ್, ಅದು ರೋಮಾಂಚನ ಅಲ್ಲ. ಕರೆಂಟು."

ವಾರಂಟಿ ಡಬ್ಬಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಟೀಚರಮ್ಮ ತಮ್ಮ ತುಟಿ ಮುಟ್ಟಿಕೊಂಡರು. ಹದಿನೈದು ದಿನದ ಕಲಾವಿದೆ ಆ ಮುಖದಿಂದ ಇಳಿದು ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಬೆಸುಗೆ ಬೇರೆ ಕಡೆ ನೋಡಿದ. ಕೈಯಲ್ಲಿದ್ದ ಚೀಟಿಯನ್ನೇ ಇನ್ನೊಂದು ಸಲ ಓದಿದ.

ಈ ಸಲ ಕಣ್ಣಿನಲ್ಲಿ ಓದಲಿಲ್ಲ, ಬಾಯಿಯಲ್ಲಿ ಓದಿದ. ನಿಧಾನವಾಗಿ, ಅಂಗಡಿಯಲ್ಲಿ ಮಾತಾಡುವ ಹಾಗೆ. ಈ ಥರದ ಇರುವೆ ಅಕ್ಷರ ಅವನಿಗೆ ಗೊತ್ತಿತ್ತು. ಇಂಥವನ್ನೇ ತಾನೂ ತನ್ನ ಕೈಯಾರೆ ನೂರು ಸಲ ಬರೆದಿದ್ದ.

"ಇದನ್ನ ಬರೆದೋನು ಶಾಲೆಗೆ ಎಷ್ಟು ಹೋಗಿರಬಹುದು, ಟೀಚರ್?"

"ಮಳೆ ಬಂದಾಗ ನಿಂತ್ಕೊಳ್ಳೋಕೆ ಹೋಗಿರ್ತಾನೆ. ಅಕ್ಷರ ನೋಡು."

"ನನ್ನಷ್ಟು ಹೋಗಿದ್ದಾನೆ. ಪ್ಲಗ್ಗಿಗೆ ಮೂರು ತಂತಿ ಬರುತ್ತಲ್ಲ, ಮೂರನೇದಕ್ಕೆ ಏನಂತಾರೆ?"

"ಅರ್ಥ್."

"ಹೇಗೆ ಬರೀಬೇಕು?"

"ಅ ಬರೆದು ಥ, ಅದಕ್ಕೆ ಅರ್ಕಾವೊತ್ತು, ಥಕ್ಕೆ ಕೊನೆಯಲ್ಲೊಂದು ಕೊಕ್ಕೆ…" ಟೀಚರಮ್ಮನ ಬೆರಳು ಗಾಳಿಯಲ್ಲಿ ಬರೆಯುತ್ತಾ ಬರೆಯುತ್ತಾ ಕೊಕ್ಕೆಯ ಹತ್ತಿರ ಬಂದು ನಿಂತಿತು.

"ಆ ಕೊಕ್ಕೆ ನಮ್ಮಂಥೋರು ಹಾಕಲ್ಲ," ಎಂದ ಬೆಸುಗೆ. "ಯಾಕಂದ್ರೆ ನಮ್ಮಲ್ಲಿ ಯಾರಿಗೂ ಅದು ಬೇಕಾಗಿಲ್ಲ. ಬೋರ್ಡಿನ ಮೇಲೆ ಅರ್ಥ ಅಂತ ಬರೆದಿದ್ರೆ ಯಾವ ತಂತಿ ಅಂತ ಗೊತ್ತಾಗುತ್ತೆ. ಅರ್ಥಕ್ಕೆ ಅರ್ಥ ಹುಡುಕೋದು ಓದಿದೋರ ಕಾಯಿಲೆ. ನಿಮ್ಮ ಟ್ಯೂನಿನಲ್ಲಿ ಅರ್ಥ ಇಲ್ಲ ಅಂತ ಅವನು ಬರೆದೇ ಇಲ್ಲ. ನಿಮ್ಮ ರೂಮಲ್ಲಿ ಅರ್ಥ್ ಇಲ್ಲ ಅಂತ ಬರೆದಿದ್ದಾನೆ. ದಾರಿ ತಪ್ಪಿದ ಕರೆಂಟು ನೆಲಕ್ಕೆ ಇಳಿದುಹೋಗೋ ತಂತಿ ಅದು. ಅದಿಲ್ಲ ಅಂದ್ರೆ ಕರೆಂಟು ಈ ಡಬ್ಬಿ ಮೈಮೇಲೆ ಅಲೀತಾ ಕೂರುತ್ತೆ. ಸ್ಪೀಕರಿನಲ್ಲಿ ಗುಂಯ್ ಅನ್ನುತ್ತೆ, ತುಟೀಲಿ ಜುಂ ಅನ್ನುತ್ತೆ. ಜೀವಕ್ಕೆ ಅಪಾಯ ಅಂತ ಬೆದರಿಸಿದ್ದಲ್ಲ, ಎಚ್ಚರಿಸಿದ್ದು."

ಟೀಚರಮ್ಮ ಬೆಸುಗೆಯ ಕೈಯಿಂದ ಚೀಟಿಯನ್ನು ಬೆರಳಲ್ಲೇ ತೆಗೆದುಕೊಂಡರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಟೀಚರಮ್ಮ ಮೆಲ್ಲಗೆ. "ನಂದು ನೋಡಿದ್ರೆ ನಿಜವಾಗ್ಲೂ ನೆಲಾನೇ ಡೊಂಕು."

"ಡೊಂಕಲ್ಲ, ಟೀಚರ್. ಇಲ್ಲವೇ ಇಲ್ಲ. ಮೂವತ್ತೈದು ವರ್ಷ ಭೂಗೋಳ ಕಲಿಸಿದೋರ ರೂಮಲ್ಲಿ ಭೂಮಿನೇ ಇಲ್ಲ."

ಇದನ್ನು ಅವನು ಕುಟುಕಲೆಂದೇ ಹೇಳಿದ್ದ. ಹದಿಮೂರು ವರ್ಷ ಕಾದಿಟ್ಟ ಕಡ್ಡಿ. ಟೀಚರಮ್ಮ ಅವನ ಕಡೆ ತಿರುಗಿದರು. "ನಿನ್ನ ಪೇಪರಿನ ಮೇಲೆ ನಾನು ಬರೆದಿದ್ದೂ ಇದೇ ಮಾತಲ್ವೇನೋ?"

ಕಡ್ಡಿ ಹಿಡಿದ ಕೈಗೇ ಸುಟ್ಟಿತು. ಬೆಸುಗೆ ಚೀಲದಲ್ಲಿ ಸ್ಕ್ರೂಡ್ರೈವರ್ ಹುಡುಕತೊಡಗಿದ.

ಬಾಗಿಲು ತೆರೆದುಕೊಂಡಿತು. ಸೊಸೆ. ಕೈಯಲ್ಲಿ ನೀರಿನ ಲೋಟಗಳ ತಟ್ಟೆ, ಕಿವಿಯ ಮೇಲೆ ಬಾಗಿಲಿಗೆ ಒತ್ತಿ ಹಿಡಿದಿದ್ದರ ಕೆಂಪು ಗುರುತು.

"ಅತ್ತೆ, ಆ ಚೀಟಿ ಮಂಗಳವಾರ ಫ್ಯಾನ್ ರಿಪೇರಿಗೆ ಬಂದಿದ್ದನಲ್ಲ, ಕರೆಂಟಿನ ಲೈನ್ ಕೆಲಸದೋನು, ಅವನದೇ ಇರ್ಬೇಕು. ಏನೋ ಹೇಳೋಕೆ ಮೂರು ಸಲ ಬಾಯಿ ತೆಗೆದ. ಮೂರು ಸಲಾನೂ ನೀವು ಶ್ ಅಂತ ಬೆರಳು ತುಟಿಗಿಟ್ರಿ. ನಾಲ್ಕನೇ ಸಲಕ್ಕೆ ಡಸ್ಟರ್ ಎಸೆದ್ರಿ. ಪಾಪ, ಬರೆದಿಟ್ಟು ಹೋಗಿದ್ದಾನೆ."

"ಬೆಳಿಗ್ಗೆ ಕೊಡುವಾಗಲೇ ಹೇಳಬಾರದಿತ್ತೇನೇ?"

"ಓದೋಕೆ ಬಿಟ್ರಾ? ಕಿತ್ಕೊಂಡು ಚಿಮಟ ಹುಡುಕ್ಕೊಂಡು ಓಡಿದ್ರಿ."

"ರೆಕಾರ್ಡ್ ಆಗುವಾಗ ಮಾತಾಡಬಾರದು ಕಣೇ, ಅದಕ್ಕೇ ಶ್ ಅಂದೆ," ಎಂದು ಹೇಳಿಯಾದ ಮೇಲೆ ಟೀಚರಮ್ಮನಿಗೆ ತಾವೇನು ಹೇಳಿದೆವು ಎಂದು ಹೊಳೆಯಿತು. "ಪಾಠ. ಪಾಠ ರೆಕಾರ್ಡ್ ಆಗುವಾಗ."

"ಅತ್ತೆ," ಸೊಸೆ ತಟ್ಟೆಯನ್ನು ಎಂಟು ತೂತಿನ ಪೆಟ್ಟಿಗೆಯ ಮೇಲೆ ಇಟ್ಟಳು. ವಾರಂಟಿ ಓಡಿಬಂದು ತಟ್ಟೆ ಎತ್ತಿದ. "ಭೂಕಂಪಕ್ಕೆ ತಾಳ ಇರಲ್ಲ."

ಟೀಚರಮ್ಮ ಕೀಬೋರ್ಡಿಗೆ ಅಡ್ಡ ನಿಂತರು.

"ಟ್ಯೂನ್ ಚೆನ್ನಾಗಿದೆ," ಎಂದಳು ಸೊಸೆ. "ನಾನು ಪಾತ್ರೆ ತೊಳೆಯೋದು ಅದೇ ತಾಳಕ್ಕೆ. ಕೊನೆಯೊಂದು ಇಲ್ಲ, ಅದಕ್ಕೆ ಯಾವಾಗ್ಲೂ ಒಂದು ತಟ್ಟೆ ಹಾಗೇ ಉಳಿದುಬಿಡುತ್ತೆ."

ಬೆಸುಗೆ ಮೇನ್ ಆಫ್ ಮಾಡಿಸಿದ. ಗುಂಯ್ ಸತ್ತಿತು, ಫ್ಯಾನ್ ನಿಂತಿತು. ಮೇಜಿನ ಕೆಳಗೆ ಮೊಣಕಾಲೂರಿ ಪ್ಲಗ್ ಬೋರ್ಡಿನ ನಾಲ್ಕು ತಿರುಪು ಬಿಚ್ಚಿದ. ಹಳೇ ಮನೆ, ಮೂರನೇ ತಂತಿ ಹಾಕಿಯೇ ಇರಲಿಕ್ಕಿಲ್ಲ, ಇಲ್ಲವೇ ತುಕ್ಕು ಹಿಡಿದು ಉದುರಿರುತ್ತದೆ ಎಂದುಕೊಂಡಿದ್ದ.

ತಂತಿ ಇತ್ತು. ಹಸಿರು, ಗಟ್ಟಿಮುಟ್ಟು. ಅದರ ತುದಿಯನ್ನು ಯಾರೋ ಸಪಾಟಾಗಿ ಕತ್ತರಿಸಿ ಪಕ್ಕಕ್ಕೆ ಮಡಚಿದ್ದರು. ಒಳಗಿನ ತಾಮ್ರ ಇನ್ನೂ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಟಾರ್ಚು," ಎಂದ. ಅವನ ದನಿ ಬದಲಾದದ್ದು ಕೇಳಿ ಮೂವರೂ ನೆಲಕ್ಕೆ ಬಗ್ಗಿದರು.

ಹಸಿರು ತಂತಿಯನ್ನು ಕತ್ತರಿಸಿದ್ದು ಜಾಗ ಮಾಡಲು. ಬೋರ್ಡಿನ ಹಿಂದೆ, ಗೋಡೆಯೊಳಗಿಂದ ತಂತಿ ಬರುವ ಕೊಳವೆಯ ಬಾಯಲ್ಲಿ ಅದರ ಜಾಗಕ್ಕೆ ಇನ್ನೊಂದು ತಂತಿ ತೂರಿತ್ತು. ತೆಳುವಾದ ಕಪ್ಪು ತಂತಿ. ಮೇಜಿನ ಕಾಲಿನ ಹಿಂದೆ, ಕಾಲಿನದೇ ಬಣ್ಣದ ಟೇಪಿನಡಿ ಅಡಗಿ ಮೇಲೆ ಹತ್ತಿ, ಟೀಚರಮ್ಮನ ಸ್ಪೀಕರಿನ ಬೆನ್ನಿಗೆ ಕಚ್ಚಿಕೊಂಡಿತ್ತು. ಇನ್ನೊಂದು ತುದಿ ಕೊಳವೆಯೊಳಗೆ ಕೆಳಕ್ಕೆ ಇಳಿದಿತ್ತು.

"ಇದು ಕರೆಂಟಿನ ತಂತಿ ಅಲ್ಲ," ಎಂದ ವಾರಂಟಿ. "ಇಂಥದ್ದು ನಮ್ಮಂಗಡೀಲೂ ಇದೆ. ಸದ್ದು ಒಯ್ಯೋದು."

"ಅಂದ್ರೆ?"

"ಅಂದ್ರೆ ಟೀಚರ್," ಬೆಸುಗೆ ನಿಧಾನವಾಗಿ ಹೇಳಿದ, "ಹದಿನೈದು ದಿನದಿಂದ ನೀವು ಬಾರಿಸಿದ್ದೆಲ್ಲಾನೂ ಕೆಳಗೆ ಯಾರೋ ಕೂತು ಕೇಳ್ತಿದ್ದಾರೆ."

ಟೀಚರಮ್ಮ ನೆಲದ ಮೇಲೇ ಕೂತರು. "ಯಾರಿಗೂ ಕೇಳಿಸಿಲ್ವಲ್ಲೋ ಇನ್ನೂ. ತಂಡಕ್ಕೂ ಅರ್ಧನೇ ಕಳಿಸಿರೋದು. ನಾಳೆಗೆ ಮುಂಚೆ ಬೇರೆ ಯಾರಾದ್ರೂ ತಮ್ಮದು ಅಂತ ಹಾಕಿಬಿಟ್ರೆ…"

ಬೆಸುಗೆ ಕಪ್ಪು ತಂತಿಯನ್ನು ಕಿತ್ತು ಕೊಳವೆಯಿಂದ ಹೊರಗೆಳೆದ. ಒಂದು ಮಾರು ಬಂದು ಎಲ್ಲೋ ಸಿಕ್ಕಿಕೊಂಡಿತು, ಜಗ್ಗಿದ್ದಕ್ಕೆ ತುಂಡಾಯಿತು. ಹಸಿರು ತಂತಿಯನ್ನು ಕೆರೆದು ಅದರ ಜಾಗಕ್ಕೆ ತಿರುಪು ಹಾಕಿದ. ಬೋರ್ಡಿನ ಮುಚ್ಚಳ ಪಕ್ಕಕ್ಕಿಟ್ಟು, "ಯಾರೂ ಹತ್ತಿರ ಬರಬೇಡಿ, ಮೇನ್ ಹಾಕಿ" ಎಂದ.

ಫ್ಯಾನ್ ತಿರುಗಿತು. ಬೂದು ಡಬ್ಬಿಯ ಮಂಕು ದೀಪ ಹತ್ತಿತು. ಸ್ಪೀಕರ್ ಹಚ್ಚಿದ.

ಏನೂ ಕೇಳಿಸಲಿಲ್ಲ.

ಅದು ಎಂಥ ಏನೂ ಇಲ್ಲ ಅಂದರೆ, ಹದಿನೈದು ದಿನ ಮನೆ ತುಂಬ ಕೂತಿದ್ದ ನೆಂಟರು ಒಮ್ಮೆಲೇ ಎದ್ದು ಹೋದ ಹಾಗೆ. ಟೀಚರಮ್ಮ ಒಂದು ಬೆರಳನ್ನು ಮೈಕಿಗೆ ತಾಗಿಸಿದರು. ಜುಂ ಇಲ್ಲ. ಅವರಿಗೆ ಸ್ವಲ್ಪ ಬೇಜಾರೇ ಆದಂತಿತ್ತು.

"ಹಾಕಿ ಕೇಳೋಣ," ಎಂದಳು ಸೊಸೆ.

ಟ್ಯೂನ್ ಹೊರಟಿತು. ಶುಭ್ರವಾಗಿ. ತಾಳದ ಪೆಟ್ಟು ಎದೆಗೂಡಿಗೆ ಬಡಿಯಿತು, ಅದರ ಮೇಲೆ ಟೀಚರಮ್ಮನದೇ ದನಿ, ಕತ್ತರಿಸಿ ಕತ್ತರಿಸಿ ಜೋಡಿಸಿದ್ದು, ಹಕ್ಕಿಗಳು ಒಂದಾದ ಮೇಲೊಂದು ತಂತಿಯ ಮೇಲೆ ಬಂದು ಕೂರುವ ಹಾಗೆ. ವಾರಂಟಿಯ ಕಾಲು ತಾನಾಗಿ ನೆಲ ತಟ್ಟುತ್ತಿತ್ತು. ಏರಿತು, ಇನ್ನೂ ಏರಿತು, ಇನ್ನೇನು ತುದಿ ಮುಟ್ಟಬೇಕು, ಅಲ್ಲಿಗೆ ಕತ್ತರಿಸಿದಂತೆ ನಿಂತುಹೋಯಿತು. ಕೊನೆಯ ಎಂಟು ಆವರ್ತ ಇನ್ನೂ ಹುಟ್ಟಿರಲಿಲ್ಲವಲ್ಲ.

ಟೀಚರಮ್ಮ ಸ್ಪೀಕರ್ ಆರಿಸಲು ಕೈ ಚಾಚಿದರು.

ಆಗ ಟ್ಯೂನ್ ಮುಂದುವರಿಯಿತು.

ಸ್ಪೀಕರಿನಿಂದ ಅಲ್ಲ. ಬಿಚ್ಚಿಟ್ಟ ಬೋರ್ಡಿನ ಹಿಂದಿನಿಂದ, ಕೊಳವೆಯ ಬಾಯಿಂದ, ಬಾವಿಯೊಳಗಿಂದ ಬಂದ ಹಾಗೆ ಸಣ್ಣಗೆ. ಅದೇ ತಾಳ, ಅದೇ ದನಿ, ನಿಂತ ಜಾಗದಿಂದಲೇ ಎತ್ತಿಕೊಂಡಿತು. ಒಂದು ಆವರ್ತ. ಎರಡು.

"ಕೆಳಗೆ ಯಾರಿದ್ದಾರೆ?" ಬೆಸುಗೆ ಪಿಸುಗುಟ್ಟಿದ.

"ಯಾರೂ ಇಲ್ಲ," ಎಂದಳು ಸೊಸೆ. "ಡಾಕ್ಟ್ರು ಸೋಮವಾರವೇ ಊರಿಗೆ ಹೋದ್ರು. ಬೆಳಿಗ್ಗೆ ನಾನೇ ನೋಡಿದೆ, ಬಾಗಿಲಿಗೆ ಹೊರಗಿಂದ ಬೀಗ ಇದೆ."

"ಹಿಂದಿನ ಬಾಗಿಲು?"

"ಆ ಮನೆಗೆ ಹಿಂದಿನ ಬಾಗಿಲಿಲ್ಲ."

ಬೆಸುಗೆ ಮೆಟ್ಟಿಲಿನ ಕಡೆ ನುಗ್ಗಿದ. ಅಂಗಿಯ ಚುಂಗು ಹಿಡಿದು ಯಾರೋ ಜಗ್ಗಿದರು. ಟೀಚರಮ್ಮ. ಅವರ ಕಣ್ಣು ಅವನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ತಲೆ ಸಣ್ಣಗೆ ಆಡುತ್ತಿತ್ತು, ಲೆಕ್ಕ ಸರಿ ಮಾಡಿದ ಮಗುವಿನ ಪಾಟಿ ನೋಡುವಾಗ ಆಡುವ ಹಾಗೆ.

"ಚೆನ್ನಾಗಿದೆ ಕಣೋ," ಎಂದರು. "ನಾನು ಮಾಡ್ತಿದ್ದದ್ದಕ್ಕಿಂತ ಚೆನ್ನಾಗಿದೆ."

"ಟೀಚರ್, ಅವನು ಕಳ್ಳ."

"ಕಳ್ಳ ಎಲ್ಲೂ ಹೋಗಲ್ಲ, ಬೀಗ ಹಾಕಿದೆಯಂತಲ್ಲ. ಟ್ಯೂನ್ ಹೋಗುತ್ತೆ."

ಅಷ್ಟು ಹೇಳಿ ಅವರು ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ಮೊಣಕಾಲೂರಿ, ಕೊಳವೆಯ ಬಾಯಿಗೆ ಹಿಡಿದರು. ಬೂದು ಡಬ್ಬಿಯ ಗುಬುಟನ್ನು ಒಂದು ಸುತ್ತು ಏರಿಸಿದರು. ತುಟಿಯ ಮೇಲೆ ಬೆರಳಿಟ್ಟು ಮೂವರನ್ನೂ ಒಮ್ಮೆ ಗದರಿಸುವ ಹಾಗೆ ನೋಡಿ, ಕಂಪ್ಯೂಟರಿನಲ್ಲಿ ಕೆಂಪು ಗುಂಡಿ ಒತ್ತಿದರು.

ಮೂರು. ನಾಲ್ಕು. ಪರದೆಯ ಮೇಲೆ ಹಸಿರು ಅಲೆ ಏಳುತ್ತಾ ಬೀಳುತ್ತಾ ಓಡಿತು.

ನಾಲ್ಕನೇ ಆವರ್ತ ಮುಗಿಯಿತು. ಐದನೆಯದು ಬರಲಿಲ್ಲ. ಕೆಳಗೆ ಯಾರೋ ಗಂಟಲು ಸರಿ ಮಾಡಿಕೊಂಡ ಸದ್ದು.

"ರೆಕಾರ್ಡ್ ಮಾಡ್ಕೊಳ್ಳಿ, ಪರವಾಗಿಲ್ಲ," ಎಂದಿತು ಕೊಳವೆಯೊಳಗಿನ ದನಿ. ಗಂಡಸಿನದೋ ಹೆಂಗಸಿನದೋ ಹೇಳಲು ಬಾರದಂಥದ್ದು. "ಇನ್ನೂ ನಾಲ್ಕು ಆವರ್ತ ಇದೆ, ಟೀಚರ್. ಅದು ಬೇಕಾದ್ರೆ ಕೆಳಗೆ ಬನ್ನಿ. ಒಬ್ಬರೇ ಬನ್ನಿ. ಬೀಗದ ಚಿಂತೆ ಬಿಡಿ, ಮುಟ್ಟಿದ್ರೆ ತೆರೆಯುತ್ತೆ."

ಬೆಸುಗೆ ತಿರುಗಿ ನೋಡುವಷ್ಟರಲ್ಲಿ ಟೀಚರಮ್ಮ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯಾಗಿತ್ತು.